ಠಾಣೆಯಲ್ಲಿ ಒತ್ತಿದ ಹೆಬ್ಬೆಟ್ಟು

ಪ್ರಶ್ನೆ: ಅಡಿಕೆ ಕಳವಿನ ಅನುಮಾನದ ಮೇಲೆ ನನ್ನ ತಮ್ಮನನ್ನು ಬಂಧಿಸಿ, ‘ನಾನೇ ಕದ್ದೆ’ ಎಂದು ಬರೆಸಿ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದಾರೆ. ವಕೀಲರನ್ನು ಒಳಗೆ ಬಿಡಲಿಲ್ಲ. ಕೇಸು ಮುಗಿದಂತೆಯೇ?
– ಒಬ್ಬ ಅಕ್ಕ, ಶಿರಸಿ

ಉತ್ತರ: ಖಂಡಿತ ಇಲ್ಲ ತಾಯಿ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಬಳಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಬಿಡುವುದಿಲ್ಲ. ಹೆಬ್ಬೆಟ್ಟು ಒತ್ತಿದ್ದರೂ ಅಷ್ಟೇ. ನನಗೆ ಚಿಂತೆ ಬೇರೆ: ‘ಮೂಟೆ ಪಂಪ್ ಮನೆಯಲ್ಲಿದೆ’ ಎಂದು ಅವನು ಹೇಳಿ, ಅದರಿಂದಲೇ ಮೂಟೆ ಸಿಕ್ಕಿದ್ದರೆ ಆ ಮಾತಿನಷ್ಟು ಭಾಗ ಸಾಕ್ಷ್ಯವಾಗುತ್ತದೆ. ಆದ್ದರಿಂದ ಮೊದಲು ಮಹಜರಿನ (ಮಾಲು ಸಿಕ್ಕ ಬಗ್ಗೆ ಪೊಲೀಸರು ಬರೆದ ದಾಖಲೆ) ಪ್ರತಿ ತೆಗೆಸಿ, ಪಂಚರು, ಅಂದರೆ ಅದಕ್ಕೆ ಸಾಕ್ಷಿಯಾಗಿ ಸಹಿ ಹಾಕಿದವರು, ಯಾರೆಂದು ನೋಡಿ. ಎಷ್ಟೋ ಕೇಸು ಬಿದ್ದುಹೋಗುವುದು ಅಲ್ಲಿಯೇ. ವಿಚಾರಣೆಯುದ್ದಕ್ಕೂ ವಕೀಲರು ಪಕ್ಕದಲ್ಲಿ ಕೂರುವಂತಿಲ್ಲ. ನಡುವೆ ಭೇಟಿಯಾಗುವ ಹಕ್ಕಂತೂ ನಾಗರಿಕ ಸುರಕ್ಷಾ ಸಂಹಿತೆಯ 38ನೇ ಕಲಮಿನಲ್ಲಿದೆ. ತಡೆದದ್ದನ್ನು ಮ್ಯಾಜಿಸ್ಟ್ರೇಟರಿಗೆ ಲಿಖಿತವಾಗಿ ತಿಳಿಸಿ. ಶುಲ್ಕಕ್ಕೆ ಹಣವಿಲ್ಲದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಉಚಿತ ವಕೀಲರಿಗೆ ಅರ್ಜಿ ಕೊಡಿ.