‘ಮಿಸ್ ಬೈತಾರೆ’ ಎನ್ನುವ ಉತ್ತರ ಬಂದ ಮೇಲೆ

ಪ್ರಶ್ನೆ: ನಾನು ಡಿ.ಎಡ್. ವಿದ್ಯಾರ್ಥಿನಿ. ಪ್ರಾಜೆಕ್ಟ್‌ಗಾಗಿ ಅಂಗನವಾಡಿಯ ನಾಲ್ಕೈದು ವರ್ಷದ 12 ಮಕ್ಕಳನ್ನು ಮನಶ್ಶಾಸ್ತ್ರಜ್ಞ ಎಲಿಯಟ್ ಟ್ಯೂರಿಯಲ್ ಅವರ ವಿಧಾನದಲ್ಲಿ ಮಾತನಾಡಿಸಿದೆ. ಹೊಡೆಯುವುದು, ಚಪ್ಪಲಿ ಸಾಲಾಗಿ ಬಿಡದಿರುವುದು, ಪುಸ್ತಕ ತುಳಿಯುವುದು, ಎಲ್ಲಕ್ಕೂ ‘ತಪ್ಪು’ ಅಂದರು. ಯಾಕೆ ಅಂದರೆ ‘ಮಿಸ್ ಬೈತಾರೆ’. ಈ ವಯಸ್ಸಿನವರಿಗೆ ನೀತಿಗೂ ಶಿಸ್ತಿಗೂ ವ್ಯತ್ಯಾಸ ಗೊತ್ತಾಗದು ಎಂದು ಬರೆಯಬಹುದೇ?

ಉತ್ತರ: ಬರೆಯಬೇಡಿ. ನೀವು ನಿಲ್ಲಿಸಿದ ಜಾಗದಿಂದಲೇ ಟ್ಯೂರಿಯಲ್ ವಿಧಾನ ಶುರುವಾಗುವುದು. ಚಿಕ್ಕ ಮಕ್ಕಳಿಗೆ ದೊಡ್ಡವರ ಅಪ್ಪಣೆ, ಶಿಕ್ಷೆಗಳೇ ಸರಿತಪ್ಪಿನ ಅಳತೆಗೋಲು ಎಂದು 1932ರಲ್ಲಿ ಮನಶ್ಶಾಸ್ತ್ರಜ್ಞ ಪಿಯಾಜೆ, ಆಮೇಲೆ ಅದೇ ಕ್ಷೇತ್ರದ ಕೋಲ್‌ಬರ್ಗ್ ವಾದಿಸಿದ್ದರು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಟ್ಯೂರಿಯಲ್ ಇದನ್ನು ಒಪ್ಪಲಿಲ್ಲ. ಇನ್ನೊಬ್ಬರಿಗೆ ನೋವೋ ಅನ್ಯಾಯವೋ ಆಗುವ ಕೆಲಸ ಒಂದು ಬಗೆ, ಗುಂಪು ತನ್ನ ಅನುಕೂಲಕ್ಕೆ ಮಾಡಿಕೊಂಡ ಕಟ್ಟಳೆ ಇನ್ನೊಂದು ಬಗೆ. ಮಕ್ಕಳು ಇವನ್ನು ಬೇಗನೆ ಬೇರ್ಪಡಿಸುತ್ತಾರೆ ಎಂದರು. ಜುಡಿತ್ ಸ್ಮೆಟಾನಾ 1981ರಲ್ಲಿ ಶಾಲಾಪೂರ್ವ ಮಕ್ಕಳಿಗೆ ಚಿತ್ರ ತೋರಿಸಿ ಕೇಳಿದಾಗ, ನಿಯಮ ಇಲ್ಲದಿದ್ದರೂ ಹೊಡೆಯುವುದು ತಪ್ಪೇ ಎಂಬ ಉತ್ತರ ಹೆಚ್ಚು ಬಂತು. ಆಟಿಕೆಯನ್ನು ಜಾಗ ತಪ್ಪಿಸಿ ಇಡುವಂಥವಕ್ಕೆ ಅಷ್ಟು ಬರಲಿಲ್ಲ.

ಹಾಗಾಗಿ ‘ತಪ್ಪು’ ಎಂದ ಮೇಲೆ ಇನ್ನೂ ಮೂರು ಪ್ರಶ್ನೆ ಬೇಕು. ‘ಹೊಡೀಬಾರ್ದು ಅಂತ ರೂಲ್ಸೇ ಇಲ್ಲ ಅಂದ್ಕೋ, ಆಗ ಹೊಡೀಬಹುದಾ, ಹೊಡೀಬಾರ್ದಾ?’ ‘ಮಿಸ್ಸೇ ಪರವಾಗಿಲ್ಲ ಅಂದ್ರೆ?’ ‘ಬೇರೆ ಊರಿನ ಅಂಗನವಾಡೀಲಿ ಎಲ್ಲರೂ ಹಾಗೇ ಮಾಡ್ತಾರೆ, ಅಲ್ಲಿ?’ ಕಡೆಗೆ ‘ಯಾಕೆ?’ ಇದಕ್ಕೆ ‘ಮಿಸ್ ಬೈತಾರೆ’ ಅಂದರೆ ಬರೆದುಕೊಂಡು ಮುಂದೆ ಹೋಗಬೇಡಿ. ‘ಮಿಸ್ ನೋಡ್ಲೇ ಇಲ್ಲ, ಬೈಯಲೂ ಇಲ್ಲ, ಆಗ?’ ಎಂದು ಇನ್ನೊಮ್ಮೆ ಕೇಳಿ. ‘ಅವನಿಗೆ ನೋವಾಗುತ್ತೆ’ ಎಂಬ ಮಾತು ಬರುವುದಿದ್ದರೆ ಬಹಳ ಸಲ ಇಲ್ಲೇ ಬರುವುದು.

ನಿಮ್ಮ ಪ್ರಶ್ನೆಯ ಧಾಟಿಯನ್ನೂ ನೋಡಿಕೊಳ್ಳಿ. ‘ಹೊಡೆಯೋದು ತಪ್ಪಲ್ವಾ?’ ಎಂದು ಕೇಳಿದ್ದರೆ ‘ಹೂಂ’ ಎಂಬ ಉತ್ತರವನ್ನು ನೀವೇ ಬಾಯಿಗೆ ಇಟ್ಟಂತಾಯಿತು. ‘ಅಲ್ವಾ’ ಎಲ್ಲೂ ಬೇಡ. ‘ತಪ್ಪು’ ಪದವೂ ಕೈಕೊಡುತ್ತದೆ. ಲೆಕ್ಕ ತಪ್ಪಾದರೂ ತಪ್ಪು, ತಳ್ಳಿದರೂ ತಪ್ಪು. ‘ಮಾಡಬಹುದಾ, ಮಾಡಬಾರದಾ’ ಎಂದು ಎರಡೂ ಬದಿ ಇಟ್ಟು ಕೇಳಿ, ಆರು ಮಕ್ಕಳಿಗೆ ಅದನ್ನೇ ತಿರುಗಿಸಿ ‘ಮಾಡಬಾರದಾ, ಮಾಡಬಹುದಾ’ ಎಂದು ಕೇಳಿ. ‘ಮಿಸ್ ಪರವಾಗಿಲ್ಲ ಅಂದರು’ ಎಂದ ಕೂಡಲೇ ‘ಮಿಸ್ ಏನಂದ್ರು?’ ಎಂದು ಪರೀಕ್ಷಿಸಿ. ಮಗು ‘ಬೈದ್ರು’ ಅಂದರೆ ಕಲ್ಪನೆ ತಲೆಗೆ ಹತ್ತಿಲ್ಲ, ಚಿತ್ರ ತೋರಿಸಿ ಮತ್ತೆ ಹೇಳಿ. ಟೀಚರ್ ಕಿವಿಗೆ ಬೀಳುವ ದೂರದಲ್ಲಿ ಇರಬಾರದು. ಒಮ್ಮೆ ಕೂತಾಗ ನಾಲ್ಕು ಚಿತ್ರ, ಹತ್ತು ನಿಮಿಷ ಸಾಕು, ಉಳಿದದ್ದು ಮರುದಿನ.

ಪುಸ್ತಕ ತುಳಿಯುವ ಚಿತ್ರವನ್ನು ತೆಗೆದುಬಿಡಿ, ಇಲ್ಲವೇ ಬೇರೆಯಾಗಿ ಲೆಕ್ಕ ಹಾಕಿ. ನಮ್ಮ ಮನೆಗಳಲ್ಲಿ ಅದು ಬರೀ ಕಟ್ಟಳೆಯಲ್ಲ. ‘ಸರಸ್ವತಿಗೆ ಬೇಜಾರಾಗುತ್ತೆ’ ಎಂದು ನಂಬಿದ ಮಗುವಿನ ಲೆಕ್ಕದಲ್ಲಿ ಅಲ್ಲಿ ನೊಂದವರೊಬ್ಬರು ಇದ್ದಾರೆ. ಈ ಜಗಳ ಹಳೆಯದು, ಅದೂ ನಮ್ಮ ದೇಶದ್ದೇ. ರಿಚರ್ಡ್ ಶ್ವೇಡರ್, ಮಹಾಪಾತ್ರ ಮತ್ತು ಮಿಲ್ಲರ್ 1987ರಲ್ಲಿ ಪ್ರಕಟಿಸಿದ ಭುವನೇಶ್ವರದ ಅಧ್ಯಯನದಲ್ಲಿ, ತಂದೆ ಸತ್ತ ಮರುದಿನ ಹಿರಿಮಗ ಕ್ಷೌರ ಮಾಡಿಸಿಕೊಂಡು ಕೋಳಿ ತಿನ್ನುವುದು ಘೋರ ಅಪರಾಧಗಳ ಸಾಲಿನಲ್ಲಿ ಬಂತು. ಟ್ಯೂರಿಯಲ್‌ರ ವಿಂಗಡಣೆ ಇಲ್ಲಿ ನಡೆಯದು ಎಂಬುದು ಅವರ ವಾದ. ಟ್ಯೂರಿಯಲ್ ಬಳಗದ ಮರುವಾದ ಸರಳ: ಹಾಗೆ ಮಾಡಿದರೆ ತಂದೆಯ ಆತ್ಮಕ್ಕೆ ಕೇಡು ಎಂದು ನಂಬಿದವರಿಗೆ ಅದು ಹಾನಿಯೇ, ಬೇರೆಯಾಗಿರುವುದು ನಂಬಿಕೆ, ವಿವೇಚನೆಯಲ್ಲ. ನನಗೆ ಎರಡನೆಯದು ಹೆಚ್ಚು ಸರಿ ಎನಿಸುತ್ತದೆ. ಆದರೂ ‘ಹಾನಿ’ಯನ್ನು ಅಷ್ಟು ಹಿಗ್ಗಿಸಿದರೆ ಕಟ್ಟಳೆಗೆ ಏನು ಉಳಿಯುತ್ತದೆ ಎಂಬ ತಕರಾರು ತೀರಾ ಹುಸಿಯಲ್ಲ. ನಿಮ್ಮ ಪಟ್ಟಿಗೆ ತಳ್ಳುವುದು, ತಿಂಡಿ ಕಿತ್ತುಕೊಳ್ಳುವುದು ಒಂದು ಕಡೆ. ಚಪ್ಪಲಿ, ಆಟಿಕೆ ಇಡುವ ಜಾಗ ಇನ್ನೊಂದು ಕಡೆ ಇದ್ದರೆ ಸಾಕು.

‘ಗೊತ್ತಿದೆ’ ಎಂದರೆ ‘ಪಾಲಿಸುತ್ತದೆ’ ಎಂದಲ್ಲ. 1988ರಲ್ಲಿ ನುನ್ನರ್-ವಿಂಕ್ಲರ್ ಮತ್ತು ಸೋಡಿಯನ್ ಕಂಡಂತೆ, ಕದಿಯಬಾರದು ಎಂದು ತಿಳಿದ ನಾಲ್ಕು ವರ್ಷದವರಲ್ಲಿ ಹೆಚ್ಚಿನವರು ಮಿಠಾಯಿ ಕದ್ದ ಹುಡುಗನಿಗೆ ಖುಷಿಯಾಗಿರುತ್ತದೆ ಎಂದೇ ಹೇಳಿದರು.

ವರದಿಯಲ್ಲಿ ಶೇಕಡಾ ಲೆಕ್ಕ ಬೇಡ, ‘12ರಲ್ಲಿ ಇಷ್ಟು ಮಕ್ಕಳು’ ಎಂದೇ ಬರೆಯಿರಿ. ಕಾರಣಗಳನ್ನು ಮಗು ಆಡಿದ ಮಾತಿನಲ್ಲೇ ದಾಖಲಿಸಿ, ಗೆಳತಿಯೊಬ್ಬರಿಂದ ನಿಮ್ಮದನ್ನು ತೋರಿಸದೆ ಇನ್ನೊಮ್ಮೆ ವಿಂಗಡಣೆ ಮಾಡಿಸಿ.