ಕುಣಿಯ ಸುತ್ತ ಕುಣಿತ

ಓದುಗರ ಪತ್ರ: ಗದಗ ಜಿಲ್ಲೆಯ ರೋಣ ತಾಲ್ಲೂಕಿನಿಂದ ಶಿಕ್ಷಕಿಯೊಬ್ಬರು ಬರೆದಿದ್ದಾರೆ. “ನಮ್ಮ ಸಾಲಿ ಗ್ಯಾದರಿಂಗಿನ ಆಮಂತ್ರಣ ಪತ್ರಿಕೆಗೆ ‘ಮಕ್ಕಳ ಕುಣಿತ’ ಅಂತ ಬರೆದು ಕೊಟ್ಟಿದ್ದೆ. ಅಚ್ಚಾಗಿ ಬಂದಾಗ ‘ಮಕ್ಕಳ ನೃತ್ಯ’ ಆಗಿತ್ತು. ಯಾಕೆ ಅಂತ ಕೇಳಿದೆ. ‘ಕುಣಿತ ಅಂದ್ರ ಒಂದ್ ನಮೂನಿ ಅನ್ನಸ್ತೈತ್ರಿ ಅಕ್ಕೋರೆ, ಮರ್ಯಾದಿ ಇರಂಗಿಲ್ಲ’ ಅಂದರು. ಮನೆಯಲ್ಲಿ ಹೇಳಿದಾಗ ನಮ್ಮ ಮಾವನವರು ಬೇಜಾರು ಮಾಡಿಕೊಂಡರು. ಅವರು ಹರೆಯದಲ್ಲಿ ಮೊಹರಮ್ ಹೆಜ್ಜೆ ಮೇಳದಲ್ಲಿ ಕುಣಿದವರು. ಕುಣಿ ಅನ್ನುವುದು ನಿಜವಾಗಿಯೂ ಕೀಳು ಮಾತೇ? ಅದಕ್ಕೆ ಏನೇನು ಅರ್ಥ ಇವೆ?”

ಸಂಪಾದಕರ ಉತ್ತರ:

ಅಕ್ಕೋರೇ,

ಮೊದಲೇ ಹೇಳಿಬಿಡುತ್ತೇನೆ. ‘ಕುಣಿತ’ ಕೀಳು ಮಾತಲ್ಲ. ನೀವು ಬರೆದದ್ದೇ ಸರಿ ಇತ್ತು. ತಿದ್ದಿದವರ ಮೇಲೆ ನನಗೆ ಸಿಟ್ಟಿಲ್ಲ, ಯಾಕಂದರೆ ಈ ಅಳುಕು ಅವರೊಬ್ಬರದೇ ಅಲ್ಲ. ನಮಗೆ ಬರುವ ಬರಹಗಳಲ್ಲೂ ಇದು ಕಾಣುತ್ತದೆ. ಊರಿನವರು ‘ಡೊಳ್ಳು ಕುಣಿತ’ ಅಂದಿರುತ್ತಾರೆ, ಬರೆದು ಕಳಿಸುವವರು ‘ಡೊಳ್ಳು ನೃತ್ಯ’ ಮಾಡಿರುತ್ತಾರೆ. ನಾವು ಅದನ್ನು ಮತ್ತೆ ಕುಣಿತಕ್ಕೆ ತರುತ್ತೇವೆ.

ಡೊಳ್ಳನ್ನೇ ನೋಡಿ. ಬಾರಿಸುವವನೂ ಕುಣಿಯುವವನೂ ಒಬ್ಬನೇ. ಅಷ್ಟು ಭಾರದ ಡೊಳ್ಳು ಕೊರಳಿಗೆ ಬಿದ್ದಿರುತ್ತದೆ. ಕೈಯ ಪೆಟ್ಟೂ ಕಾಲಿನ ಹೆಜ್ಜೆಯೂ ಒಟ್ಟಿಗೆ ಬೀಳಬೇಕು. ಹಾವೇರಿ ಕಡೆ ಬೀರಪ್ಪನ ಗುಡಿ ಮುಂದೆ ಒಮ್ಮೆ ನಿಂತು ನೋಡಿದವರಿಗೆ ಅಲ್ಲಿ ಬೇರೆ ಮಾತು ಹೊಂದುವುದಿಲ್ಲ ಅಂತ ಗೊತ್ತಾಗುತ್ತದೆ. ಹುಬ್ಬಳ್ಳಿ ಹತ್ತಿರದ ಬ್ಯಾಹಟ್ಟಿಯ ಜಗ್ಗಲಗಿಯದ್ದೂ ಅದೇ ಮಾತು. ಚಕ್ಕಡಿ ಗಾಲಿಗೆ ಎಮ್ಮೆಯ ಚರ್ಮ ಬಿಗಿದು ಮಾಡಿದ ವಾದ್ಯ ಅದು. ಅದನ್ನು ಉರುಳಿಸಿಕೊಂಡು, ಬಡಿದುಕೊಂಡು, ಕುಣಿದುಕೊಂಡು ಹೋಗುತ್ತಾರೆ. ವೀರಭದ್ರನ ಪುರವಂತರು ಒಡಪು, ಅಂದರೆ ದೇವರನ್ನು ಹೊಗಳುವ ಮಾತು, ಹೇಳುತ್ತಾ ಕುಣಿಯುತ್ತಾರೆ. ಇವರಲ್ಲಿ ಯಾರೂ ‘ನೃತ್ಯ ಮಾಡುವುದಿಲ್ಲ’.

ಈ ‘ಮಾಡು’ ಅನ್ನುವುದನ್ನು ಸ್ವಲ್ಪ ಗಮನಿಸಿ. ‘ನೃತ್ಯ’ಕ್ಕೆ ಅದು ಬೇಕು. ‘ಡಾನ್ಸ್’ಗೂ ಬೇಕು. ‘ಕುಣಿ’ಗೆ ಬೇಡ. ಕುಣಿದ, ಕುಣಿದಳು, ಕುಣಿಸಿದರು, ಕುಣಿದಾಡಿತು. ನಮ್ಮ ಕಡೆಯ ಮಾತಿನಲ್ಲಿ ಕುಣ್ಯಾಕತ್ತಾರ, ಕುಣೀಬ್ಯಾಡ, ಕುಣದ್ವಿ. ಕಾಲು ನೆಲ ಬಿಟ್ಟು ಏಳುವುದು ಆ ಒಂದೇ ಮಾತಿನಲ್ಲಿ ಬಂದುಬಿಡುತ್ತದೆ. ಮನುಷ್ಯರಿಗೆ ಮಾತ್ರ ಮೀಸಲಾದ ಮಾತೂ ಅಲ್ಲ. ಹಾಲು ಕುಡಿದ ಕರು ಹಟ್ಟಿಯಲ್ಲಿ ಕುಣಿಯುತ್ತದೆ. ಬಂಕಾಪುರದ ಕೋಟೆಯೊಳಗೆ ನವಿಲಿನ ಅಭಯಧಾಮ ಇದೆಯಲ್ಲ, ಅಲ್ಲಿ ಮೋಡ ಕವಿದ ದಿನ ಯಾರನ್ನಾದರೂ ಕೇಳಿ. ‘ನವಿಲು ಕುಣ್ಯಾಕತ್ತೈತಿ’ ಅಂತಲೇ ಹೇಳುತ್ತಾರೆ. ನವಿಲು ನೃತ್ಯ ಮಾಡುತ್ತಿದೆ ಅಂತ ಬಾಯಿಮಾತಿನಲ್ಲಿ ಯಾರೂ ಅನ್ನುವುದಿಲ್ಲ, ಅಲ್ವಾ?

ಹಾಗಾದರೆ ಮರ್ಯಾದೆಯ ಪ್ರಶ್ನೆ ಎಲ್ಲಿಂದ ಬಂತು? ಬೈಗುಳದಿಂದ ಬಂತು ಅಂತ ನನಗೆ ಅನ್ನಿಸುತ್ತದೆ. ಇದ್ದಕ್ಕಿದ್ದಂತೆ ರೊಕ್ಕ ಕಂಡವನಿಗೆ ‘ಭಾಳ ಕುಣ್ಯಾಕತ್ತಾನ’ ಅನ್ನುತ್ತಾರೆ. ಸಲಿಗೆ ಕೊಟ್ಟರೆ ‘ತಲಿ ಮ್ಯಾಲ ಕುಂತು ಕುಣೀತಾನ’. ಸ್ವಂತ ಬುದ್ಧಿ ಬಿಟ್ಟವನು ‘ಅವರು ಹೇಳಿದಂಗ ಕುಣೀತಾನ’. ಸಿಟ್ಟು ನೆತ್ತಿಗೇರಿದವನೂ ಕುಣಿದಾಡುತ್ತಾನೆ. ಇದರ ಜೊತೆಗೆ ‘ಕುಣಿಸು’ ಸೇರಿಕೊಳ್ಳುತ್ತದೆ. ಕೂಸನ್ನು ತೊಡೆಯ ಮೇಲೆ ಕುಣಿಸುವಾಗ ಅದು ಮುದ್ದಿನ ಮಾತು. ‘ಮನಿಮಂದೀನೆಲ್ಲ ಕುಣಸ್ತಾಳ’ ಅಂದಾಗ ಅದೇ ಮಾತು ಚುಚ್ಚುತ್ತದೆ.

ಇದರಲ್ಲಿ ಹೆಣ್ಣುಮಕ್ಕಳ ಪಾಲಿಗೆ ಬಂದದ್ದೇ ಜಾಸ್ತಿ. ‘ಕುಣಿಲಾರದಾಕಿ ನೆಲ ಡೊಂಕು ಅಂದಳಂತ’ ಅನ್ನುವ ಗಾದೆ ನಿಮಗೆ ಗೊತ್ತೇ ಇದೆ. ಆ ‘ಆಕಿ’ಯ ಜಾಗದಲ್ಲಿ ಹಳಬರು ಇನ್ನೊಂದು ಮಾತು ಹೇಳುತ್ತಿದ್ದರು. ಅದನ್ನು ಇಲ್ಲಿ ಬರೆಯುವುದಿಲ್ಲ. ಗುಡಿಯಲ್ಲಿ ಕುಣಿಯಲು ಬಿಟ್ಟ ಹೆಣ್ಣುಮಕ್ಕಳನ್ನು ನಮ್ಮ ಕಡೆ ಪಾತರದವರು ಅಂತ ಕರೆಯುತ್ತಿದ್ದರು. ‘ಪಾತ್ರ’ ಅನ್ನುವುದು ಬಾಯಲ್ಲಿ ‘ಪಾತರ’ ಆಗಿತ್ತು. ಧಾರವಾಡ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲಕ್ಕೆ, 1934ರಲ್ಲಿ, ದೇವದಾಸಿಯರಿಗಾಗಿ ಒಂದು ಕಾನೂನು ಬಂತು. ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ತಡೆಯಲು ಕರ್ನಾಟಕ 1982ರಲ್ಲಿ ತನ್ನದೇ ಕಾಯ್ದೆ ಮಾಡಿತು. ಆ ಹೆಣ್ಣುಮಕ್ಕಳನ್ನು ಕುಣಿಸಿದವರು ಮರ್ಯಾದಸ್ಥರಾಗಿಯೇ ಉಳಿದರು. ಕುಣಿದವರಿಗೆ ಕೆಟ್ಟ ಹೆಸರು ಬಂತು. ಅವರ ಜೊತೆ ‘ಕುಣಿ’ ಅನ್ನುವ ಮಾತಿಗೂ ಮಸಿ ಮೆತ್ತಿಕೊಂಡಿತು. ಇದು ನನ್ನ ಅನಿಸಿಕೆ, ಆದರೆ ಗಟ್ಟಿಯಾದ ಅನಿಸಿಕೆ. ಹೊಲದ ಬದುವಿನಲ್ಲಿ ಹಾರುವ ಚಿಟ್ಟೆಗೆ ನಮ್ಮ ಮಕ್ಕಳು ಇವತ್ತಿಗೂ ಪಾತರಗಿತ್ತಿ ಅನ್ನುತ್ತಾರೆ. ಅದು ಕುಣಿಯುವ ಹೆಣ್ಣಿನ ಹೆಸರು. ಬೈದ ಜನರೇ ಅಷ್ಟು ಚೆಂದದ ಜೀವಕ್ಕೆ ಆಕೆಯ ಹೆಸರಿಟ್ಟರು. ಇದನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

‘ಆಡು’ ಬಗ್ಗೆಯೂ ಎರಡು ಮಾತು. ಹಿಂದೆ ಕುಣಿತಕ್ಕೆ ಇದೂ ನಡೆಯುತ್ತಿತ್ತು. ಆಡಿ ಕಾಲು ದಣಿಯುವುದಿಲ್ಲ, ಹಾಡಿ ನಾಲಿಗೆ ದಣಿಯುವುದಿಲ್ಲ ಅನ್ನುವ ಅರ್ಥದ ಬಸವಣ್ಣನವರ ವಚನದಲ್ಲಿ ‘ಆಡಿ’ ಅಂದರೆ ಕುಣಿದು ಅಂತಲೇ. ದೊಡ್ಡಾಟ, ಸಣ್ಣಾಟ, ಬಯಲಾಟಗಳಲ್ಲಿ ಆ ಅರ್ಥ ಸ್ವಲ್ಪ ಉಳಿದಿದೆ. ಈಗ ‘ಆಡು’ ಅಂದ ಕೂಡಲೇ ಕ್ರಿಕೆಟ್ಟೋ ಕಬಡ್ಡಿಯೋ ನೆನಪಾಗುತ್ತದೆ.

ಈಗ ನಿಮ್ಮ ಮಾವನವರ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ನಿಂತದ್ದು ಅಲ್ಲೇ.

ನಮ್ಮ ಭಾಗದಲ್ಲಿ ‘ಕುಣಿ’ಗೆ ಇನ್ನೊಂದು ಅರ್ಥ ಇದೆ. ತಗ್ಗು, ನೆಲದಲ್ಲಿ ತೋಡಿದ ಗುಂಡಿ. ‘ಗಿಡ ಹಚ್ಚಾಕ ಕುಣಿ ತೋಡ್ರಿ’ ಅನ್ನುತ್ತೇವೆ. ಮಣ್ಣು ಕೊಡಲು ತೆಗೆಯುವುದೂ ಕುಣಿಯೇ. ಇದು ಬೇರೆ ಮಾತು. ಹಳಗನ್ನಡದ ‘ಕುೞಿ’ ಒಂದು ಕಡೆ ‘ಕುಳಿ’ ಆಗಿ ಉಳಿಯಿತು, ಇನ್ನೊಂದು ಕಡೆ ‘ಕುಣಿ’ ಆಯಿತು. ಕಾಲು ಕುಣಿಸುವ ಕುಣಿಗೂ ಇದಕ್ಕೂ ನಂಟಿಲ್ಲ. ಕಿವಿಗೆ ಮಾತ್ರ ಎರಡೂ ಒಂದೇ.

ಆದರೆ ವರ್ಷಕ್ಕೊಮ್ಮೆ ಇವೆರಡೂ ಒಂದೇ ಜಾಗಕ್ಕೆ ಬರುತ್ತವೆ. ಮೊಹರಮ್ ತಿಂಗಳ ಚಂದ್ರ ಕಂಡ ಮೇಲೆ ಮಸೂತಿ ಮುಂದೆ ಗುದ್ದಲಿ ಹಾಕುತ್ತಾರೆ. ದುಂಡಗೆ ಒಂದು ಕುಣಿ ತೆಗೆಯುತ್ತಾರೆ. ಅದೇ ಅಲಾಯಿ ಕುಣಿ. ಅದರಲ್ಲಿ ಕಟ್ಟಿಗೆ ಒಟ್ಟಿ ಬೆಂಕಿ ಹಾಕುತ್ತಾರೆ. ಹಲಗಿ ಶುರುವಾಗುತ್ತದೆ. ಹೆಜ್ಜೆ ಮೇಳದವರು ಆ ಕುಣಿಯ ಸುತ್ತ ಕುಣಿಯುತ್ತಾರೆ. ಮುಸ್ಲಿಮರ ಮನೆಗಳೇ ಇಲ್ಲದ ಊರುಗಳಲ್ಲೂ ಅಲಾಯಿ ದೇವರು, ಅಂದರೆ ಮೊಹರಮ್ಮಿನ ಪಂಜಾಗಳು, ಕೂಡುವುದನ್ನು ನೀವು ಕಂಡಿರಬಹುದು. ಹರಕೆ ಹೊತ್ತವರು ಕೊರಳಿಗೆ ಲಾಡಿ, ಅಂದರೆ ಹರಕೆಯ ದಾರ, ಹಾಕಿಕೊಂಡು ಫಕೀರರಾಗುತ್ತಾರೆ. ಮನೆಮನೆಯಲ್ಲಿ ಚೊಂಗೆ ಅನ್ನುವ ಸಿಹಿ ರೊಟ್ಟಿ ಸುಡುತ್ತಾರೆ. ಒಂಬತ್ತನೆಯ ದಿನದ ಕತ್ತಲ ರಾತ್ರಿ ಯಾರಿಗೂ ನಿದ್ದೆ ಇರುವುದಿಲ್ಲ.

ಅದು ಯಾವ ಹೊತ್ತಿನ ಕುಣಿತ ನೋಡಿ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಪ್ರವಾದಿ ಮುಹಮ್ಮದರ ಮೊಮ್ಮಗ ಹುಸೇನರೂ ಅವರ ಜೊತೆಯವರೂ ನೀರಿಲ್ಲದೆ ಬಳಲಿ, ಕಾದಾಡಿ ಸತ್ತ ನೆನಪು ಅದು. ಮೇಳದವರು ಹಾಡುವ ರಿವಾಯತ್ ಪದಗಳಲ್ಲಿ ಆ ಸಂಕಟವೇ ತುಂಬಿರುತ್ತದೆ. ದನಿ ಅಳುತ್ತಿರುತ್ತದೆ, ಕಾಲು ಹೆಜ್ಜೆ ಹಾಕುತ್ತಿರುತ್ತದೆ. ‘ನಲಿ’ ಅನ್ನುವ ಮಾತನ್ನು ಅಲ್ಲಿ ಇಟ್ಟು ನೋಡಿ, ಆಗುವುದಿಲ್ಲ. ಅದು ಬರೀ ಸಂತೋಷದ ಮಾತು. ‘ನೃತ್ಯ’ ಇಟ್ಟರೆ ವೇದಿಕೆ, ದೀಪ, ಪ್ರೇಕ್ಷಕರು ಕಣ್ಣಿಗೆ ಬರುತ್ತಾರೆ. ಅಲಾಯಿ ಕುಣಿಯ ಸುತ್ತ ಸುಮ್ನೆ ಕೂತು ನೋಡುವ ಪ್ರೇಕ್ಷಕರು ಅಂತ ಯಾರೂ ಇಲ್ಲ. ಅಲ್ಲಿ ನಿಲ್ಲುವ ಮಾತು ‘ಕುಣಿ’ ಒಂದೇ. ಸಂತೋಷ, ಸಿಟ್ಟು, ಭಕ್ತಿ, ದುಃಖ, ಯಾವುದೇ ಆಗಲಿ, ಮನಸ್ಸಿನಲ್ಲಿ ಹಿಡಿಸದೆ ಕಾಲಿಗೆ ಇಳಿದರೆ ಅದು ಕುಣಿತ. ನಿಮ್ಮ ಮಾವನವರು ಮಾಡಿದ್ದು ಅದನ್ನೇ. ಅದರ ಹೆಸರಿಗೆ ಮರ್ಯಾದೆ ಇಲ್ಲ ಅಂದಾಗ ಅವರಿಗೆ ನೋವಾಗದೆ ಇರುತ್ತದೆಯೇ?

‘ನೃತ್ಯ’ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಭರತನಾಟ್ಯ ಕಲಿತ ಹುಡುಗಿ ವೇದಿಕೆ ಏರಿದರೆ ‘ನೃತ್ಯ’ ಅನ್ನಿ, ‘ನಾಟ್ಯ’ ಅನ್ನಿ. ಆ ವಿದ್ಯೆಗೆ ಅದರದೇ ಶಾಸ್ತ್ರ ಇದೆ, ಅದರದೇ ಮಾತುಗಳಿವೆ. ಸಿನಿಮಾ ಹಾಡಿಗೆ ಮಕ್ಕಳು ಹೆಜ್ಜೆ ಹಾಕಿದರೆ ‘ಡಾನ್ಸ್’ ಅಂದರೂ ತಪ್ಪಿಲ್ಲ. ಮಕ್ಕಳೇ ಹಾಗೆ ಅನ್ನುತ್ತಾರೆ. ಆದರೆ ಕೋಲಾಟ, ಡೊಳ್ಳು, ಹೆಜ್ಜೆ ಮೇಳ ಇದ್ದಲ್ಲಿ ‘ಕುಣಿತ’ ಅಂತಲೇ ಅಚ್ಚಾಗಲಿ. ನಿಮ್ಮ ಪಕ್ಕದ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕಾಗಿಯೇ ಒಂದು ವಿಶ್ವವಿದ್ಯಾಲಯ ಇದೆ. ಮುಂದಿನ ವರ್ಷ ಯಾರಾದರೂ ತಿದ್ದಲು ಬಂದರೆ ಅದನ್ನೂ ಹೇಳಿ, ಈ ಪುಟವನ್ನೂ ತೋರಿಸಿ.

ನನ್ನದೊಂದು ಕೇಳಿಕೆ ಇದೆ. ಹೆಜ್ಜೆ ಮೇಳದಲ್ಲಿ ಒಂದೊಂದು ಹೆಜ್ಜೆಗೂ ಹೆಸರಿರುತ್ತದೆ, ಊರಿಂದ ಊರಿಗೆ ಆ ಹೆಸರು ಬದಲಾಗುತ್ತದೆ. ನಿಮ್ಮ ಮಾವನವರನ್ನು ಕೂರಿಸಿಕೊಂಡು ಅವನ್ನು ಕೇಳಿ ಬರೆದುಕೊಳ್ಳಿ. ಯಾವ ಹೆಜ್ಜೆಗೆ ಹಲಗಿಯ ಯಾವ ಪೆಟ್ಟು, ಎಡಗಾಲು ಮೊದಲೋ ಬಲಗಾಲು ಮೊದಲೋ, ಕುಣಿಯನ್ನು ಯಾವ ಕಡೆಯಿಂದ ಸುತ್ತುತ್ತಿದ್ದರು, ಅದೂ ಇರಲಿ. ಅವರು ಹೇಳಿದ ಮಾತು ಹೇಗಿದೆಯೋ ಹಾಗೇ ಬರೆಯಿರಿ, ತಿದ್ದಬೇಡಿ. ನಮಗೆ ಕಳಿಸಿದರೆ ಅವರ ಮಾತಿನಲ್ಲೇ ಅಚ್ಚು ಹಾಕುತ್ತೇವೆ.