ಕಂಪನಿಯ ಸ್ವಾಗತ ಒಂದು, ಊರಿನದು ಇನ್ನೊಂದು

ನಿನ್ನ ಪತ್ರ ಓದಿದೆ. ಬರ್ಲಿನ್‌ನಲ್ಲಿ ಬೆಳೆಯುತ್ತಿರುವ ಒಂದು ಕಂಪನಿ ನಿನಗೆ ಕೆಲಸ ಕೊಟ್ಟಿದೆ. ಹಲವು ದೇಶಗಳಿಂದ ಹೊಸಬರನ್ನು ಸೇರಿಸಿಕೊಳ್ಳುತ್ತಿದೆ. ವೀಸಾದಿಂದ ಹಿಡಿದು ಮೊದಲ ತಿಂಗಳ ವಸತಿಯವರೆಗೆ ಎಲ್ಲವನ್ನೂ ತಾವೇ ನೋಡಿಕೊಳ್ಳುತ್ತೇವೆ ಎಂದಿದ್ದಾರೆ. ಹೆಂಡತಿ ಕೆಲವು ತಿಂಗಳ ನಂತರ ಬರುತ್ತಾಳೆ. “ಅಲ್ಲಿನ ಬದುಕು ಹೇಗಿರುತ್ತದೆ ಅಕ್ಕಾ, ಜರ್ಮನ್ ಬಾರದೆ ನಡೆಯುತ್ತದೆಯೇ, ಅವರು ಹೇಳುವುದನ್ನೆಲ್ಲ ನಂಬಬಹುದೇ?” ಎಂದು ಕೇಳಿದ್ದೀಯ. ಅಕ್ಕ ಎಂದು ಕರೆದಿರುವುದರಿಂದ ತಮ್ಮನಿಗೆ ಬರೆಯುವಂತೆಯೇ ಬರೆಯುತ್ತೇನೆ.

ನಂಬಬಹುದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಹೊರಡುವವರನ್ನು ಹೆದರಿಸುವವರು ಎಲ್ಲೆಡೆ ಇರುತ್ತಾರೆ. ಬೇರೆ ದೇಶದಿಂದ ಒಬ್ಬರನ್ನು ಕರೆಸಿಕೊಳ್ಳಲು ಕಂಪನಿ ಸಾಕಷ್ಟು ಹಣ ಮತ್ತು ಸಮಯ ಹಾಕಿರುತ್ತದೆ. ಬಂದವರು ನಿಲ್ಲಬೇಕು, ಚೆನ್ನಾಗಿರಬೇಕು ಎಂಬ ಆಸೆ ಅವರಿಗೆ ನಿಜವಾಗಿಯೂ ಇರುತ್ತದೆ. ಹಾಗೆ ಬಂದು ಇಲ್ಲೇ ನೆಲೆಸಿದವಳು ನಾನು. ಆಮೇಲೆ ಹೊಸಬರನ್ನು ಬರಮಾಡಿಕೊಳ್ಳುವ ಹೊಣೆಯನ್ನೂ ಬಹಳ ಕಾಲ ಹೊತ್ತಿದ್ದೇನೆ. ನೀನು ಬರುವ ದಿನ ಮೇಜಿನ ಮೇಲೆ ಲ್ಯಾಪ್‌ಟಾಪ್ ಸಿದ್ಧವಿರಲಿ, ಊಟದ ಹೊತ್ತಿಗೆ ಯಾರಾದರೂ ನಿನ್ನ ಜೊತೆಗಿರಲಿ ಎಂದು ಹಿಂದಿನ ವಾರವೇ ಓಡಾಡಿದವರು ಅಲ್ಲಿ ಇರುತ್ತಾರೆ. ಅದನ್ನು ಸಂಕೋಚವಿಲ್ಲದೆ ಸ್ವೀಕರಿಸು. ಆದರೆ ಕಂಪನಿ ಬರಮಾಡಿಕೊಳ್ಳುವುದು ಉದ್ಯೋಗಿಯನ್ನು. ಬಾಡಿಗೆದಾರ, ರೋಗಿ, ನೆರೆಯವ, ಗಂಡ ಇವೆಲ್ಲವೂ ನೀನೇ ಆಗಿರುತ್ತೀಯ, ಆ ಬಾಗಿಲುಗಳನ್ನು ನಿನ್ನ ಪರವಾಗಿ ಎಚ್‌ಆರ್ ವಿಭಾಗದವರು ತಟ್ಟಲಾರರು.

ಮೊದಲು ಮನೆ. ಕಂಪನಿ ತಾತ್ಕಾಲಿಕವಾಗಿ ಕೊಡುವ ಮನೆಯಲ್ಲಿ ಹಾಸಿಗೆ, ಒಲೆ, ಇಂಟರ್‌ನೆಟ್ ಇರುತ್ತವೆ, ಅವುಗಳ ಚಿಂತೆ ಬೇಡ. “ಈ ವಿಳಾಸದಲ್ಲಿ ಅನ್ಮೆಲ್ಡುಂಗ್ ಮಾಡಿಸಬಹುದೇ?” ಎಂದು ಮಾತ್ರ ಇವತ್ತೇ ಕೇಳು. ಜರ್ಮನಿಯಲ್ಲಿ ಮನೆಗೆ ಬಂದ ಎರಡು ವಾರಗಳೊಳಗೆ ವಿಳಾಸವನ್ನು ನೋಂದಾಯಿಸಬೇಕು, ಅದೇ ಅನ್ಮೆಲ್ಡುಂಗ್. ಬರ್ಲಿನ್‌ನಲ್ಲಿ ಅದು ಬ್ಯುರ್ಗರ್‌ಆಮ್ಟ್ ಎಂಬ ನಾಗರಿಕ ಕಚೇರಿಯಲ್ಲಿ ಆಗುತ್ತದೆ, ಮತ್ತು ಮನೆ ಕೊಟ್ಟವರು ಸಹಿ ಮಾಡಿದ ದೃಢೀಕರಣ ಪತ್ರ ಬೇಕೇ ಬೇಕು. ಅಲ್ಪಾವಧಿಗೆ ಬಾಡಿಗೆ ಕೊಡುವವರಲ್ಲಿ ಕೆಲವರು ಆ ಪತ್ರ ಕೊಡಲು ಒಪ್ಪುವುದಿಲ್ಲ. ಆಗ ನೀನು ಚೆಂದದ ಮನೆಯಲ್ಲಿದ್ದರೂ ಕಾಗದದ ಮೇಲೆ ಎಲ್ಲಿಯೂ ಇರುವುದಿಲ್ಲ. ನಾಗರಿಕ ಕಚೇರಿಯ ಭೇಟಿಯ ಸಮಯ ಸಿಗುವುದೂ ಬರ್ಲಿನ್‌ನಲ್ಲಿ ಕಷ್ಟ. ಹೊರಡುವ ಮುಂಚೆಯೇ ಅಂತರ್ಜಾಲದಲ್ಲಿ ಹುಡುಕಲು ಶುರುಮಾಡು. ನಗರದ ಯಾವ ಬಡಾವಣೆಯ ಕಚೇರಿಯಾದರೂ ನಡೆಯುತ್ತದೆ.

ನೋಂದಣಿಯಾದ ಮೇಲೆ 11 ಅಂಕೆಗಳ ತೆರಿಗೆ ಗುರುತಿನ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಇಲ್ಲಿ ಒಂದು ಸಣ್ಣ ಸಂಗತಿ ಗಮನಿಸು. ಬಹುತೇಕ ಕಟ್ಟಡಗಳಲ್ಲಿ ಮನೆಗಳಿಗೆ ಸಂಖ್ಯೆ ಇರುವುದಿಲ್ಲ. ಅಂಚೆಯವರು ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಕಾಗದ ಹಾಕುತ್ತಾರೆ, ಹೆಸರು ಇಲ್ಲದಿದ್ದರೆ ಕಾಗದ ಹಿಂದಕ್ಕೆ ಹೋಗುತ್ತದೆ. ಈಜಿಪ್ಟ್‌ನಿಂದ ಬಂದ ನಮ್ಮ ಸಹೋದ್ಯೋಗಿಯೊಬ್ಬನ ಪೆಟ್ಟಿಗೆಯ ಮೇಲೆ ಮನೆ ಮಾಲೀಕರ ಹೆಸರು ಮಾತ್ರ ಇತ್ತು. ತೆರಿಗೆ ಸಂಖ್ಯೆಯ ಕಾಗದ ಅವನಿಗೆ ತಲುಪಲೇ ಇಲ್ಲ. ಸಂಬಳದಲ್ಲಿ ಆರನೇ ತೆರಿಗೆ ವರ್ಗದ, ಅಂದರೆ ಅತಿ ಹೆಚ್ಚಿನ ಕಡಿತವಾಯಿತು. ಹಣ ಆಮೇಲೆ ವಾಪಸು ಬಂತು, ಆದರೆ ಹೊಸ ಮನೆಗೆ ಮುಂಗಡ ಕಟ್ಟಬೇಕಾದ ತಿಂಗಳಿನಲ್ಲೇ ಅವನ ಕೈ ಖಾಲಿಯಾಗಿತ್ತು. ಒಂದು ಚೂರು ಕಾಗದದಲ್ಲಿ ಹೆಸರು ಬರೆದು ಟೇಪ್ ಹಚ್ಚಿದರೆ ಸಾಕು, ಬಂದ ಸಂಜೆಯೇ ಆ ಕೆಲಸ ಮುಗಿಸು. ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಬರೆ. ನಮ್ಮಲ್ಲಿ ಇನಿಷಿಯಲ್ ಬಿಡಿಸಿ ಬರೆಯುವುದು, ತಂದೆಯ ಹೆಸರನ್ನು ಹಿಂದೆ ಮುಂದೆ ಮಾಡುವುದು ಅಭ್ಯಾಸ. ಇಲ್ಲಿ ಒಪ್ಪಂದ, ಬ್ಯಾಂಕು, ವಿಮೆ, ಬಾಡಿಗೆ ಪತ್ರ ಎಲ್ಲದರಲ್ಲೂ ಒಂದೇ ಹೆಸರು ಇರಲಿ.

ಅದೇ ಪೆಟ್ಟಿಗೆಗೆ ಕೆಲವು ವಾರಗಳಲ್ಲಿ ಪ್ರಸಾರ ಶುಲ್ಕ ಕೇಳುವ ಕಾಗದವೂ ಬರುತ್ತದೆ. ಒಂದು ಮನೆಗೆ ತಿಂಗಳಿಗೆ 18.36 ಯೂರೋ, ಟಿವಿ ಇಲ್ಲದಿದ್ದರೂ ಕಟ್ಟಬೇಕು. ಅನೇಕರು ಮೋಸದ ಕಾಗದವೆಂದು ಬಿಸಾಡುತ್ತಾರೆ. ಅದು ಮೋಸವಲ್ಲ. ನಿಜವಾದ ಮೋಸ ಬಾಡಿಗೆಯಲ್ಲಿ ನಡೆಯುತ್ತದೆ: ಮನೆ ತೋರಿಸದೆ, ಬೀಗದ ಕೈ ಅಂಚೆಯಲ್ಲಿ ಕಳಿಸುತ್ತೇನೆ, ಮೊದಲು ಹಣ ಹಾಕಿ ಎನ್ನುವವರು. ಅಂಥವರಿಗೆ ಒಂದು ಯೂರೋ ಕೂಡ ಹಾಕಬೇಡ. ಕಾನೂನಿನ ಪ್ರಕಾರ ಮುಂಗಡ ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ, ಅದನ್ನೂ ಮೂರು ಕಂತುಗಳಲ್ಲಿ ಕಟ್ಟುವ ಹಕ್ಕು ನಿನಗಿದೆ.

ಇನ್ನು ಒಪ್ಪಂದ. ಬೆಳೆಯುವ ಕಂಪನಿಯಲ್ಲಿ ಎಲ್ಲವೂ ಬೇಗ ಬದಲಾಗುತ್ತದೆ. ನಿನ್ನನ್ನು ಸಂದರ್ಶನ ಮಾಡಿದ ಮ್ಯಾನೇಜರ್ ನೀನು ಬರುವಷ್ಟರಲ್ಲಿ ಬೇರೆ ತಂಡಕ್ಕೆ ಹೋಗಿರಬಹುದು. ಹೂಡಿಕೆದಾರರ ಹಣ ಬಂದಾಗ ಸೇರಿಸಿಕೊಂಡಷ್ಟೇ ವೇಗವಾಗಿ, ಅದು ನಿಂತಾಗ ಕಳಿಸುವುದೂ ಉಂಟು. ಹೆದರಬೇಕಿಲ್ಲ, ಆದರೆ ತಿಳಿದಿರಬೇಕು. ಪ್ರೋಬೆತ್ಸೈಟ್ ಎಂಬ ಪರೀಕ್ಷಾವಧಿ ಹೆಚ್ಚೆಂದರೆ ಆರು ತಿಂಗಳು. ಆ ಅವಧಿಯಲ್ಲಿ ಎರಡು ವಾರಗಳ ಸೂಚನೆ ಕೊಟ್ಟು ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಂದ ಮುಗಿಸಬಹುದು. ಆರು ತಿಂಗಳಾದ ಮೇಲೆ, ಹತ್ತಕ್ಕಿಂತ ಹೆಚ್ಚು ಜನರಿರುವ ಕಂಪನಿಯಲ್ಲಿ, ಕಾನೂನು ಒಪ್ಪುವ ಕಾರಣವಿಲ್ಲದೆ ತೆಗೆಯುವಂತಿಲ್ಲ. ಕೆಲಸದಿಂದ ತೆಗೆದಿದ್ದೇವೆ ಎಂದು ಬಾಯಲ್ಲಿ ಹೇಳಿದರೆ, ಇಮೇಲ್ ಕಳಿಸಿದರೆ ಅದು ಊರ್ಜಿತವಲ್ಲ. ಕೈಯಿಂದ ಸಹಿ ಮಾಡಿದ ಕಾಗದವೇ ಬೇಕು. ಆ ಕಾಗದ ಕೈಗೆ ಬಂದರೆ ಮೂರು ವಾರಗಳೊಳಗೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗಬಹುದು, ಆ ಗಡುವು ದಾಟಿದರೆ ಮಾತು ಮುಗಿದಂತೆ. ಉದ್ಯೋಗ ಕಚೇರಿಗೆ ಮೂರು ದಿನಗಳೊಳಗೆ, ವಿದೇಶಿಯರ ಕಚೇರಿಗೆ ಎರಡು ವಾರಗಳೊಳಗೆ ತಿಳಿಸಬೇಕು. “ಪರಸ್ಪರ ಒಪ್ಪಿ ಬಿಡೋಣ” ಎಂಬ ಕಾಗದವನ್ನು ಮುಂದಿಟ್ಟು ಅಲ್ಲೇ ಸಹಿ ಕೇಳಿದರೆ, ಮನೆಗೆ ಒಯ್ದು ಓದುತ್ತೇನೆ ಎನ್ನು. ಕೆಲಸ ಹೋದ ದಿನವೇ ದೇಶ ಬಿಡಬೇಕು ಎಂಬುದು ಸುಳ್ಳು. ಈ ಭಯದಿಂದ ಹೊಸಬರು ಎಂಥದಕ್ಕೂ ಸಹಿ ಹಾಕುವುದನ್ನು ನೋಡಿ ನನಗೆ ಸಿಟ್ಟು ಬರುತ್ತದೆ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬಂದವರಿಗೆ ಕೆಲಸದ ಹಕ್ಕುಗಳ ಬಗ್ಗೆ ಉಚಿತವಾಗಿ ಸಲಹೆ ಕೊಡುವ ‘ಫೇರೆ ಇಂಟೆಗ್ರಾತ್ಸಿಯೋನ್’ (Faire Integration) ಎಂಬ ಕೇಂದ್ರಗಳಿವೆ. ಆ ಹೆಸರನ್ನು ಬರೆದಿಟ್ಟುಕೊ.

ಸ್ಥಳಾಂತರದ ವೆಚ್ಚದ ವಾಕ್ಯವನ್ನು ಎರಡು ಸಲ ಓದು. ಇಷ್ಟು ಕಾಲದೊಳಗೆ ಬಿಟ್ಟರೆ ಹಣ ಹಿಂದಿರುಗಿಸಬೇಕು ಎಂದಿರುತ್ತದೆ. ಎಷ್ಟು ಕಾಲ, ಅವರೇ ತೆಗೆದರೂ ಕೊಡಬೇಕೇ ಎಂದು ಮುಲಾಜಿಲ್ಲದೆ ಕೇಳು. ಷೇರುಗಳ ಆಸೆ ತೋರಿಸಿದ್ದಾರೆ ಎಂದೂ ಬರೆದಿದ್ದೀಯ. ಬಂದರೆ ಸಂತೋಷ, ಆದರೆ ಬಾಡಿಗೆ ಲೆಕ್ಕ ಹಾಕುವಾಗ ಸಂಬಳವೊಂದನ್ನೇ ಲೆಕ್ಕಕ್ಕೆ ತೆಗೆದುಕೊ.

ಈಗ ಕಚೇರಿಯ ಒಳಗಿನ ಮಾತು, ನನಗೆ ಬಹಳ ಪ್ರೀತಿಯದು. ಹಲವು ದೇಶಗಳ ಜನ ಒಂದೇ ಮೇಜಿನ ಸುತ್ತ ಕುಳಿತು ಕೆಲಸ ಮಾಡುವುದು ಬದುಕಿನ ದೊಡ್ಡ ಅದೃಷ್ಟಗಳಲ್ಲಿ ಒಂದು ಎಂದು ನಾನು ನಂಬುತ್ತೇನೆ. ಆದರೆ ಅಲ್ಲಿ ಮೌನಕ್ಕೆ ಒಬ್ಬೊಬ್ಬರು ಒಂದೊಂದು ಅರ್ಥ ಹಚ್ಚುತ್ತಾರೆ. ಸಭೆಯಲ್ಲಿ “ಶುಕ್ರವಾರಕ್ಕೆ ಮುಗಿಯುತ್ತದೆಯೇ?” ಎಂದು ಕೇಳಿದಾಗ ನಮ್ಮ ಕಡೆಯವರು, ಹಿರಿಯರ ಮುಂದೆ ಇಲ್ಲ ಎನ್ನಲಾಗದೆ, “ಪ್ರಯತ್ನಿಸುತ್ತೇನೆ” ಎನ್ನುತ್ತಾರೆ. ಎದುರಿಗಿರುವ ಜರ್ಮನ್ ಸಹೋದ್ಯೋಗಿ ಅದನ್ನು ಹೌದು ಎಂದು ಬರೆದುಕೊಳ್ಳುತ್ತಾಳೆ. ಶುಕ್ರವಾರ ಸಂಜೆ ಅವಳಿಗೆ ಬೇಸರ, ಇವನಿಗೆ ಅವಮಾನ. ಬುಧವಾರವೇ “ಇಷ್ಟು ಆಗಿದೆ, ಇಷ್ಟು ಆಗುವುದಿಲ್ಲ” ಎಂದಿದ್ದರೆ ಅವಳು ಮೆಚ್ಚುತ್ತಿದ್ದಳು. ಅದೇ ರೀತಿ, ನಿನ್ನ ಕೆಲಸದಲ್ಲಿ ಇದು ಸರಿಯಿಲ್ಲ ಎಂದು ಎಲ್ಲರೆದುರು ನೇರವಾಗಿ ಹೇಳಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹೇಳಿದವರೇ ಮಧ್ಯಾಹ್ನ ನಿನ್ನನ್ನು ಊಟಕ್ಕೆ ಕರೆಯುತ್ತಾರೆ.

ಜ್ವರ ಬಂದರೆ ಮಲಗು. ಕೆಲಸಕ್ಕೆ ಸೇರಿ ನಾಲ್ಕು ವಾರಗಳಾದ ಮೇಲೆ, ಕಾಯಿಲೆಯ ಕಾಲಕ್ಕೆ ಆರು ವಾರಗಳವರೆಗೆ ಪೂರ್ಣ ಸಂಬಳ ಕೊಡಬೇಕೆಂದು ಕಾನೂನೇ ಇದೆ. ಬೆಳಿಗ್ಗೆಯೇ ತಿಳಿಸಬೇಕು, ಮೂರು ದಿನಕ್ಕಿಂತ ಹೆಚ್ಚಾದರೆ ವೈದ್ಯರ ಪ್ರಮಾಣಪತ್ರ ಬೇಕು. ಕೆಲವು ಕಂಪನಿಗಳು ಮೊದಲ ದಿನವೇ ಕೇಳುತ್ತವೆ, ಒಪ್ಪಂದದಲ್ಲಿ ನೋಡು. ಕೆಮ್ಮುತ್ತ ಕಚೇರಿಗೆ ಬರುವವನನ್ನು ಇಲ್ಲಿ ಶ್ರಮಜೀವಿ ಎಂದು ಯಾರೂ ಹೊಗಳುವುದಿಲ್ಲ. ವಾರಕ್ಕೆ ಐದು ದಿನ ಕೆಲಸವಿದ್ದರೆ ವರ್ಷಕ್ಕೆ ಕನಿಷ್ಠ 20 ದಿನ ರಜೆ. ಹೆಚ್ಚಿನ ಕಂಪನಿಗಳು ಇನ್ನೂ ಹೆಚ್ಚು ಕೊಡುತ್ತವೆ. ತೆಗೆದುಕೊ.

ಜರ್ಮನ್ ಬಾರದೆ ನಡೆಯುತ್ತದೆಯೇ ಎಂದೆಯಲ್ಲ. ನಡೆಯುತ್ತದೆ, ನನ್ನ ಆತಂಕವೂ ಅದೇ. ಬರ್ಲಿನ್‌ನ ಇಂಥ ಕಂಪನಿಗಳಲ್ಲಿ ವರ್ಷಗಟ್ಟಲೆ ಇಂಗ್ಲಿಷಿನಲ್ಲೇ ಕಳೆಯಬಹುದು. ಸುತ್ತಲೂ ಪರಊರಿನವರೇ ಇದ್ದಾಗ ಯಾರೂ ಪರಕೀಯರೆನಿಸುವುದಿಲ್ಲ, ಬಂದು ಮುಟ್ಟಿದೆವು ಎಂಬ ಭಾವನೆ ಬೇಗ ಬರುತ್ತದೆ. ಆದರೆ ಆ ಕಂಪನಿ ಬಿಟ್ಟ ದಿನ ಗೊತ್ತಾಗುತ್ತದೆ, ಪರಿಚಯವಿದ್ದದ್ದು ಕಚೇರಿ ಮಾತ್ರ, ಊರಲ್ಲ ಎಂದು. ಮಕ್ಕಳ ವೈದ್ಯರ ಸ್ವಾಗತಕಾರಿಣಿ, ಶಾಲೆಯ ಪಾಲಕರ ಸಭೆ, ಮೇಲಿನ ಮನೆಯ ಅಜ್ಜಿ ಇವರೆಲ್ಲರ ಬಳಿಗೆ ಹೋಗುವ ದಾರಿ ಜರ್ಮನ್ ಒಂದೇ. ಕಾನೂನೂ ಅದೇ ಕಡೆಗೆ ತಳ್ಳುತ್ತದೆ: ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿದ ವಿದೇಶಿ ಉದ್ಯೋಗಿಗಳಿಗೆ ಕೊಡುವ ವಾಸದ ಪರವಾನಗಿ, ಇರುವವರು ಮೊದಲ ಹಂತದ ಎ1 ಜರ್ಮನ್ ಇದ್ದರೆ 27 ತಿಂಗಳಲ್ಲಿ, ಮಧ್ಯಮ ಹಂತದ ಬಿ1 ಮಟ್ಟ ತಲುಪಿದರೆ 21 ತಿಂಗಳಲ್ಲಿ ಕಾಯಂ ವಾಸದ ಪರವಾನಗಿ ಕೇಳಬಹುದು. ಆ ಕಾಯಂ ಪರವಾನಗಿ ಕೈಗೆ ಬಂದರೆ ಒಂದು ಕಂಪನಿಯ ಏಳುಬೀಳಿಗೆ ನಿನ್ನ ಬದುಕನ್ನು ಕಟ್ಟಿಹಾಕಬೇಕಿಲ್ಲ. ಮೊದಲ ತಿಂಗಳಿನಿಂದಲೇ ತರಗತಿ ಸೇರು. ಕಂಪನಿ ತರಗತಿಯ ಖರ್ಚು ಕೊಡುತ್ತದೆಯೇ ಎಂದು ಕೇಳು. ಇಲ್ಲವಾದರೆ ನಗರದ ಪ್ರತಿ ಆಡಳಿತ ವಿಭಾಗದಲ್ಲೂ ಇರುವ ಫೋಕ್ಸ್‌ಹೋಖ್‌ಶೂಲೆ ಎಂಬ ವಯಸ್ಕರ ಶಿಕ್ಷಣ ಕೇಂದ್ರದಲ್ಲಿ ಕಡಿಮೆ ಶುಲ್ಕಕ್ಕೆ ಕಲಿಸುತ್ತಾರೆ.

ನಿನ್ನ ಹೆಂಡತಿಯ ವಿಷಯವನ್ನು ನೀನು ಒಂದೇ ಸಾಲಿನಲ್ಲಿ ಬರೆದಿದ್ದೀಯ. ನಾನು ಅಷ್ಟರಲ್ಲೇ ಬಿಡಲಾರೆ. ಇಲ್ಲಿಗೆ ಬಂದವರಲ್ಲಿ ವಾಪಸು ಹೋದವರನ್ನು ನೆನೆದರೆ, ಕೆಲಸ ಹೋಗಿ ಹಿಂದಿರುಗಿದವರಿಗಿಂತ ಮನೆಯಲ್ಲಿದ್ದವರ ಒಂಟಿತನ ತಾಳಲಾರದೆ ಹೊರಟವರೇ ಕಣ್ಣಿಗೆ ಬರುತ್ತಾರೆ. ನಿನಗೆ ಬೆಳಿಗ್ಗೆ ಹೋಗಲು ಒಂದು ಜಾಗ ಇರುತ್ತದೆ, ಹೆಸರು ಹಿಡಿದು ಕರೆಯುವ ಜನ ಇರುತ್ತಾರೆ. ಅವಳು ಚಳಿಗಾಲದಲ್ಲಿ ಬಂದರಂತೂ ಸಂಜೆ ನಾಲ್ಕಕ್ಕೆ ಕತ್ತಲಾಗುವ ಮನೆಯಲ್ಲಿ ನಿನ್ನನ್ನೇ ಕಾಯಬೇಕು, ನೀನು ಬಂದಾಗ ಇಡೀ ದಿನ ಮಾತಾಡಿ ದಣಿದಿರುತ್ತೀಯ. ಬ್ಲೂ ಕಾರ್ಡ್ ಇರುವವರ ಸಂಗಾತಿಗೆ ವೀಸಾ ಪಡೆಯಲು ಜರ್ಮನ್ ಪರೀಕ್ಷೆ ಬೇಕಿಲ್ಲ, ಬಂದ ಮೇಲೆ ಯಾವ ಕೆಲಸವನ್ನಾದರೂ ಮಾಡುವ ಪೂರ್ಣ ಹಕ್ಕು ಇದೆ. ಪರೀಕ್ಷೆ ಬೇಕಿಲ್ಲ ಎಂದು ಭಾಷೆಯನ್ನು ಬಿಟ್ಟು ಬರುವುದು ಬೇಡ, ಈ ತಿಂಗಳುಗಳಲ್ಲಿ ಅವಳು ಕಲಿಯಲಿ. ಅವಳ ಪದವಿಯ ಮೂಲ ಪ್ರಮಾಣಪತ್ರ, ಅಂಕಪಟ್ಟಿ, ಅನುಭವದ ಪತ್ರಗಳನ್ನು ನಿನ್ನವುಗಳಷ್ಟೇ ಜೋಪಾನವಾಗಿ ತರಬೇಕು. ಅವಳಿಗೆ ಆದಾಯವಿಲ್ಲದಿದ್ದಾಗ ನಿನ್ನ ಸಾರ್ವಜನಿಕ ಆರೋಗ್ಯ ವಿಮೆಯಲ್ಲೇ ಹೆಚ್ಚುವರಿ ಹಣವಿಲ್ಲದೆ ಸೇರಿಸಬಹುದು; ವಿಮೆ ಆರಿಸುವಾಗ ಇದನ್ನು ನೆನಪಿಡು, ಖಾಸಗಿ ವಿಮೆಯಲ್ಲಿ ಈ ಸೌಕರ್ಯ ಇಲ್ಲ. ಕಂಪನಿಯ ಕೂಟಗಳಿಗೆ ಕುಟುಂಬದವರನ್ನು ಕರೆಯಬಹುದೇ ಎಂದು ನೀನೇ ಬಾಯಿಬಿಟ್ಟು ಕೇಳು. ಎಷ್ಟೋ ಕಡೆ ಯಾರೂ ಕೇಳಿಲ್ಲ ಎಂಬ ಒಂದೇ ಕಾರಣಕ್ಕೆ ಕರೆದಿರುವುದಿಲ್ಲ.

ಕೊನೆಗೆ, ಒಂದು ವರ್ಷ ಕಳೆಯುವಷ್ಟರಲ್ಲಿ ಅಲ್ಲಿ ನೀನೇ ಹಳಬನಾಗಿರುತ್ತೀಯ. ಬೆಳೆಯುವ ಕಂಪನಿಯಲ್ಲಿ ಹಾಗೆ ಆಗುತ್ತದೆ. ಆಗ ಬರುವವರನ್ನು ನಮ್ಮವರೇ ಎಂದು ನೋಡಿ ಆರಿಸಿಕೊಳ್ಳಬೇಡ. ಊಟದ ಮೇಜಿನಲ್ಲಿ ನಾಲ್ವರು ಭಾರತೀಯರು ತಮ್ಮ ಭಾಷೆಯಲ್ಲಿ ನಗುತ್ತಿರುವಾಗ ಪಕ್ಕದಲ್ಲಿ ಒಬ್ಬ ಬ್ರೆಜಿಲ್‌ನ ಹುಡುಗ ತಟ್ಟೆ ನೋಡುತ್ತ ಕುಳಿತಿರುವುದನ್ನು ನಾನು ಕಂಡಿದ್ದೇನೆ. ಅವನಿಗೂ ಅದು ಮೊದಲ ವಾರ. ಹೊಸಬರ ಹೆಸರನ್ನು ಅವರ ಬಾಯಿಂದಲೇ ಕೇಳಿ ಸರಿಯಾಗಿ ಕಲಿತುಕೊ. “ಏನಾದರೂ ಬೇಕಿದ್ದರೆ ಕೇಳಿ” ಎನ್ನುವುದರಿಂದ ಯಾರೂ ಕೇಳುವುದಿಲ್ಲ. “ಮಂಗಳವಾರ ನಾಗರಿಕ ಕಚೇರಿಗೆ ನಿಮ್ಮ ಜೊತೆ ಬರುತ್ತೇನೆ” ಎಂದರೆ ಬೇಡ ಎನ್ನುವವರು ಕಡಿಮೆ.

ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಅದರ ಪ್ರತಿ ಕಳಿಸು, ಸಂಬಳದ ಅಂಕೆ ಮುಚ್ಚಿ ಕಳಿಸಿದರೂ ಸರಿ. ಓದಿ, ಏನೇನು ಕೇಳಬೇಕೆಂದು ಗುರುತು ಹಾಕಿ ವಾಪಸು ಕಳಿಸುತ್ತೇನೆ. ನಿನ್ನ ಹೆಂಡತಿಗೂ ನನ್ನ ವಿಳಾಸ ಕೊಡು. ಅವಳ ಪ್ರಶ್ನೆಗಳು ಬೇರೆಯೇ ಇರುತ್ತವೆ, ಅವಳೇ ಬರೆಯಲಿ.